ಬಾನಿನ ಸನ್ನೆ, ನೆಲದ ಕಥೆ

ಕಳೆದ ಸೆಮಿಸ್ಟರಿನಲ್ಲಿ ಜನಪದ ಕಥನದ ಪಾಠ ನಡೆದಿದ್ದಾಗ, ಅತಿಶಯದ ಕಥೆಗೆ ಒಂದು ಉದಾಹರಣೆ ಹೇಳಿರೆಂದು ವಿದ್ಯಾರ್ಥಿಗಳನ್ನು ಕೇಳಿದೆ. ಏಳು ಸಮುದ್ರದಾಚೆಯ ಗಿಳಿಯ ಕಥೆಯೋ, ರಾಕ್ಷಸನ ಪ್ರಾಣ ಅಡಗಿದ ದುಂಬಿಯ ಕಥೆಯೋ ಬಂದೀತೆಂದು ನಿರೀಕ್ಷಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಯುದ್ಧವಿಮಾನದ ಕಥೆ ಹೇಳಿದ. ಒಬ್ಬ ಚಾಲಕ ತನ್ನ ವಿಮಾನವನ್ನು ತಲೆಕೆಳಗು ಮಾಡಿ ಶತ್ರುವಿಮಾನದ ನೆತ್ತಿಯ ಮೇಲೆಯೇ ಹಾರಿಸಿದನಂತೆ. ಗಾಜಿನ ಮುಚ್ಚಳದ ಮೂಲಕ ಕೆಳಗಿನವನಿಗೆ ಕೈಸನ್ನೆ ಮಾಡಿ ಅಣಕಿಸಿದನಂತೆ. ಸಾಲದೆಂದು ಅವನ ಫೋಟೋ ತೆಗೆದುಕೊಂಡು ಬಂದನಂತೆ. ಹೇಳುವಾಗ ಆ ಹುಡುಗನ ಎರಡು ಕೈಗಳೂ ವಿಮಾನಗಳಾಗಿದ್ದವು. ಕೆಳಗಿನ ಕೈಯ ಅಂಗೈ ನೆಲ ನೋಡುತ್ತಿತ್ತು, ಮೇಲಿನ ಕೈಯ ಅಂಗೈ ಬಾನು ನೋಡುತ್ತಿತ್ತು. ತರಗತಿ ನಕ್ಕಿತು. ಆಗ ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು, ‘ಸರ್, ಇದನ್ನು ನೋಡಿದವರು ಯಾರು?’ ಎಂದು ಕೇಳಿದಳು.

ಹುಡುಗ ಹೇಳಿದ್ದು 1986ರ ‘ಟಾಪ್ ಗನ್’ ಎಂಬ ಅಮೆರಿಕನ್ ಚಲನಚಿತ್ರದ ದೃಶ್ಯ. ಮೊಬೈಲಿನಿಂದ ಮೊಬೈಲಿಗೆ ದಾಟುತ್ತ ಅದು ನಡೆದ ಘಟನೆಯ ವೇಷ ತೊಟ್ಟಿತ್ತು. ಆದರೆ ವಿದ್ಯಾರ್ಥಿನಿಯ ಪ್ರಶ್ನೆ ಅಷ್ಟಕ್ಕೆ ಮುಗಿಯುವಂಥದಲ್ಲ. ಯುದ್ಧವಿಮಾನ ಚಾಲಕರ ನಡುವೆ ಕೈಸನ್ನೆಯ ಭಾಷೆಯೊಂದು ನಿಜವಾಗಿಯೂ ಇದೆ. ಅವರ ನಡುವೆ ಬಡಾಯಿ ಕಥೆಗಳ ದೊಡ್ಡ ಪರಂಪರೆಯೂ ಇದೆ. ಇವೆರಡರ ಸಂಬಂಧವೇನು, ಬಾನಿನಲ್ಲಿ ನಡೆದುದಕ್ಕೆ ಸಾಕ್ಷಿ ಯಾರು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸನ್ನೆ ಮತ್ತು ಥಾಪ

ನನ್ನ ಶಾಲೆಯ ಓದು ಕನ್ನಡ, ಮರಾಠಿ ಎರಡರಲ್ಲಿಯೂ ನಡೆದುದರಿಂದ ಯಾವ ವಿಷಯ ಬಂದರೂ ಎರಡು ಭಾಷೆಗಳ ಮಾತು ಒಟ್ಟಿಗೆ ನೆನಪಾಗುತ್ತವೆ. ನಂಬಲಾಗದ ಕಥೆಯನ್ನು ನಾವು ಬಡಾಯಿ, ಬೊಗಳೆ, ಗಾಳಿಮಾತು ಎನ್ನುತ್ತೇವೆ. ಮರಾಠಿಯಲ್ಲಿ ಅದು ‘ಥಾಪ’. ಅಂದವಾಗಿ ಹೊಂದಿಸಿ ಹೇಳಿದ ಸುಳ್ಳಿಗೆ ‘ಲೋಣಕಢೀ ಥಾಪ’ ಎಂಬ ಸೊಗಸಾದ ಹೆಸರಿದೆ. ಬೆಣ್ಣೆ ಕಾಯಿಸಿ ಆಗಷ್ಟೇ ಇಳಿಸಿದ ತುಪ್ಪದಂತೆ ಕಮ್ಮಗಿರುವ ಸುಳ್ಳು ಎಂದು ತಾತ್ಪರ್ಯ. ಬ್ರಿಟಿಷ್ ವಾಯುಪಡೆಯವರು ಇದನ್ನೇ ‘ಲೈನ್ ಹೊಡೆಯುವುದು’ ಎಂದರು. ನಮ್ಮ ಹುಡುಗರ ಬಾಯಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ಅದು ಇಲ್ಲಿ ಅಪ್ರಸ್ತುತ. ಅವರ ಸ್ಕ್ವಾಡ್ರನ್ನುಗಳಲ್ಲಿ ‘ಲೈನ್ ಬುಕ್’ ಎಂಬ ಪುಸ್ತಕವನ್ನೇ ಇಡುತ್ತಿದ್ದರು. ಯಾರಾದರೂ ಬಡಾಯಿ ಕೊಚ್ಚಿದರೆ ಆ ಮಾತನ್ನು ಅದರಲ್ಲಿ ಬರೆದು, ಕೇಳಿದವರು ಕೆಳಗೆ ರುಜು ಹಾಕುವುದೂ ಇತ್ತು. ಗಮನಿಸಿ: ಆ ರುಜು ಘಟನೆಗೆ ಸಾಕ್ಷಿಯಲ್ಲ, ಬಡಾಯಿಗೆ ಸಾಕ್ಷಿ.

ಇನ್ನು ‘ಸನ್ನೆ’. ಇದು ಸಂಸ್ಕೃತದ ‘ಸಂಜ್ಞಾ’ ಶಬ್ದದ ತದ್ಭವ. ಸನ್ನೆಯ ಸ್ವಭಾವ ತಿಳಿಯಲು ನಮ್ಮ ದನದ ಸಂತೆಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ. ದಲ್ಲಾಳಿಯೂ ಗಿರಾಕಿಯೂ ಟವೆಲಿನ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿ ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಟವೆಲು ಮಾತ್ರ ಕಾಣುತ್ತದೆ. ಯಾವ ಬೆರಳಿಗೆ ಎಷ್ಟು ಬೆಲೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುವುದರಿಂದ ಒಂದು ಮಾತೂ ಇಲ್ಲದೆ ವ್ಯವಹಾರ ಮುಗಿಯುತ್ತದೆ. ಸನ್ನೆಯ ಅರ್ಥವು ಬೆರಳಿನಲ್ಲಿಲ್ಲ, ಇಬ್ಬರ ನಡುವಣ ಒಪ್ಪಂದದಲ್ಲಿದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ವಿಮಾನದತ್ತ ಹೋಗೋಣ.

ಬಾನಿನಲ್ಲಿ ಕೈಭಾಷೆ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಯುದ್ಧವಿಮಾನವೆಂದರೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದ, ತೆರೆದ ಆಸನದ ಯಂತ್ರ. ಒಂದು ವಿಮಾನದವನು ಮತ್ತೊಂದು ವಿಮಾನದವನೊಡನೆ ಮಾತನಾಡುವ ಸಾಧನವಿರಲಿಲ್ಲ. ಇಂಜಿನ್ನಿನ ಗದ್ದಲದಲ್ಲಿ ಕೂಗಿದರೂ ಕೇಳದು. ಆದುದರಿಂದ ತಂಡದ ನಾಯಕನು ಕೈ ಎತ್ತಿ ತೋರಿಸಬೇಕು, ಇಲ್ಲವೆ ವಿಮಾನದ ರೆಕ್ಕೆಗಳನ್ನು ಎಡಬಲಕ್ಕೆ ತೂಗಿಸಬೇಕು, ಇಲ್ಲವೆ ಪಿಸ್ತೂಲಿನಿಂದ ಬಣ್ಣದ ಬೆಳಕಿನ ಉಂಡೆ ಹಾರಿಸಬೇಕು. ನಾಯಕನ ವಿಮಾನವನ್ನು ದೂರದಿಂದ ಗುರುತಿಸಲು ಅದಕ್ಕೆ ಬಟ್ಟೆಯ ಪಟ್ಟಿಗಳನ್ನು ಕಟ್ಟುತ್ತಿದ್ದರು. ರೇಡಿಯೋ ಬಂದ ಮೇಲೂ ಕೈಸನ್ನೆ ಉಳಿಯಿತು. ಅದಕ್ಕೆ ಎರಡು ಕಾರಣ: ರೇಡಿಯೋ ಮಾತನ್ನು ಶತ್ರುವೂ ಕೇಳಬಲ್ಲ, ರೇಡಿಯೋ ಎಂದಾದರೊಂದು ದಿನ ಕೆಡಬಲ್ಲದು.

ಇಷ್ಟು ವೇಗದಲ್ಲಿ ಹಾರುವವರಿಗೆ ಪಕ್ಕದವನ ಬೆರಳು ಕಾಣುವುದುಂಟೆ ಎಂದು ಸಂಶಯ ಬರುವುದು ಸಹಜ. ಸಮವೇಗದಲ್ಲಿ ಜೊತೆಯಾಗಿ ಸಾಗುವ ಎರಡು ಬಂಡಿಗಳಲ್ಲಿ ಒಬ್ಬರಿಗೊಬ್ಬರು ನಿಂತಂತೆಯೇ ಕಾಣುತ್ತಾರೆ. ವಿಮಾನಗಳೂ ಹಾಗೆಯೇ. ಕೂಟವಾಗಿ ಹಾರುವಾಗ ರೆಕ್ಕೆಯ ತುದಿಗಳ ನಡುವೆ ಕೆಲವೇ ಅಡಿಗಳ ಅಂತರವಿರಬಹುದು. ನೆಲಕ್ಕೆ ಹೋಲಿಸಿದರೆ ಗಂಟೆಗೆ ನೂರಾರು ಕಿಲೋಮೀಟರ್ ವೇಗ, ಪಕ್ಕದವನಿಗೆ ಹೋಲಿಸಿದರೆ ಸೊನ್ನೆ. ನಮಗೆ ದೂರವಲ್ಲದ ಬೀದರಿನ ವಾಯುನೆಲೆಯಲ್ಲಿ 1996ರಲ್ಲಿ ರೂಪುಗೊಂಡ ‘ಸೂರ್ಯಕಿರಣ’ ತಂಡದ ಒಂಬತ್ತು ವಿಮಾನಗಳ ಹಾರಾಟವನ್ನು ನೋಡಿದವರಿಗೆ ಈ ಮಾತು ಥಟ್ಟನೆ ಅರ್ಥವಾಗುತ್ತದೆ. ಅಂಥ ಹಾರಾಟದಲ್ಲಿ ಪಕ್ಕದ ಚಾಲಕನ ಕಣ್ಣು ಮುಂದಿನ ಬಾನಿನ ಮೇಲಿರುವುದಿಲ್ಲ, ನಾಯಕನ ವಿಮಾನದ ಮೇಲಿರುತ್ತದೆ.

ಸನ್ನೆಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದರಿಂದ ಐದರವರೆಗಿನ ಅಂಕೆಗೆ ಅಷ್ಟು ಬೆರಳುಗಳನ್ನು ನೆಟ್ಟಗೆ ನಿಲ್ಲಿಸಬೇಕು. ಆರರಿಂದ ಒಂಬತ್ತಕ್ಕೆ ಬೆರಳುಗಳನ್ನು ಅಡ್ಡ ಹಿಡಿಯಬೇಕು. ಅಡ್ಡ ಹಿಡಿದ ಒಂದು ಬೆರಳು ಆರು, ಎರಡು ಬೆರಳು ಏಳು. ಮುಷ್ಟಿ ಹಿಡಿದರೆ ಸೊನ್ನೆ. ಹೆಬ್ಬೆರಳನ್ನು ಬಾಯಿಯ ಬಳಿ ತಂದು ನೀರು ಕುಡಿಯುವಂತೆ ಬಾಗಿಸಿದರೆ ‘ಇಂಧನ ಎಷ್ಟಿದೆ?’ ಎಂಬ ಪ್ರಶ್ನೆ. ಉತ್ತರ ಬೆರಳೆಣಿಕೆಯಲ್ಲಿ ಬರುತ್ತದೆ. ಕಿವಿಯ ಬಳಿ ಹೆಲ್ಮೆಟ್ ತಟ್ಟಿ ಹೆಬ್ಬೆರಳನ್ನು ಕೆಳಗೆ ತೋರಿಸಿದರೆ ‘ನನಗೆ ರೇಡಿಯೋ ಕೇಳಿಸುತ್ತಿಲ್ಲ’ ಎಂದರ್ಥ. ತನ್ನ ತಲೆ ತಟ್ಟಿಕೊಂಡು ಪಕ್ಕದವನತ್ತ ಬೆರಳು ಮಾಡಿದರೆ ‘ಇನ್ನು ಮುಂದಾಳುತನ ನಿನ್ನದು’. ಜೋಡಿಯಾಗಿ ನೆಲ ಬಿಡುವಾಗ ನಾಯಕನು ತಲೆಯಾಡಿಸಿದ ಕ್ಷಣದಲ್ಲಿಯೇ ಎರಡು ವಿಮಾನಗಳ ಬ್ರೇಕುಗಳೂ ಸಡಿಲಾಗಬೇಕು.

ಅಮೆರಿಕದ ಸೇನೆಯ ಚಾಲಕರು ಕಲಿಯುವ ಅಪಾಯದ ಸನ್ನೆ ಇನ್ನೂ ಅಚ್ಚುಕಟ್ಟಾದುದು. ಮೊದಲು ಬಿಗಿದ ಮುಷ್ಟಿ ತೋರಿಸಿ ‘ನನಗೆ ತೊಂದರೆಯಾಗಿದೆ’ ಎನ್ನಬೇಕು. ಬಳಿಕ ಬೆರಳೆಣಿಸಿ ತೊಂದರೆ ಯಾವುದೆಂದು ಹೇಳಬೇಕು. ಒಂದು ಬೆರಳು ಹೈಡ್ರಾಲಿಕ್ ವ್ಯವಸ್ಥೆ, ಎರಡು ವಿದ್ಯುತ್ತು, ಮೂರು ಇಂಧನ, ನಾಲ್ಕು ಆಮ್ಲಜನಕ, ಐದು ಇಂಜಿನ್. ನಮ್ಮ ನೃತ್ಯಶಾಸ್ತ್ರದ ಹಸ್ತಗಳನ್ನು ಬಲ್ಲವರು ಇಲ್ಲಿ ಮುಷ್ಟಿಯನ್ನೂ ಸೂಚಿಯನ್ನೂ, ಹೆಬ್ಬೆರಳು ಮೇಲೆತ್ತಿದ ಶಿಖರವನ್ನೂ ಗುರುತಿಸುವರು. ಆದರೆ ಒಂದು ಭೇದವಿದೆ. ನೃತ್ಯದಲ್ಲಿ ಒಂದೇ ಹಸ್ತವು ಸಂದರ್ಭಕ್ಕೆ ತಕ್ಕಂತೆ ಹತ್ತಾರು ಅರ್ಥ ಕೊಡುತ್ತದೆ. ಅದೇ ಅದರ ಸೊಬಗು. ವಿಮಾನದಲ್ಲಿ ಒಂದು ಸನ್ನೆಗೆ ಎರಡು ಅರ್ಥ ಬಂದರೆ ಇಬ್ಬರ ಪ್ರಾಣಕ್ಕೂ ಅಪಾಯ.

ಪರಿಚಯವಿಲ್ಲದ ವಿಮಾನಗಳ ನಡುವೆಯೂ ಒಂದು ಸಮಾನ ಭಾಷೆ ಬೇಕು. ಅದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಯಮವಾಗಿ ಬರೆದಿಟ್ಟಿದೆ. ಯುದ್ಧವಿಮಾನವೊಂದು ನಿಮ್ಮ ವಿಮಾನದ ಮುಂದೆ, ಸಾಮಾನ್ಯವಾಗಿ ಎಡಗಡೆಯಲ್ಲಿ, ತುಸು ಮೇಲೆ ಬಂದು ರೆಕ್ಕೆಗಳನ್ನು ತೂಗಿಸಿದರೆ ‘ನಿಮ್ಮನ್ನು ತಡೆದಿದ್ದೇನೆ, ನನ್ನ ಹಿಂದೆ ಬನ್ನಿ’ ಎಂದು ಅರ್ಥ. ನೀವೂ ರೆಕ್ಕೆ ತೂಗಿಸಿದರೆ ‘ತಿಳಿಯಿತು, ಬರುತ್ತೇನೆ’. ಅದು ಚಕ್ರಗಳನ್ನು ಇಳಿಬಿಟ್ಟು ನಿಲ್ದಾಣವೊಂದರ ಮೇಲೆ ಸುತ್ತಿದರೆ ‘ಇಲ್ಲಿ ಇಳಿಯಿರಿ’. ಥಟ್ಟನೆ ಮೇಲೇರುತ್ತ ತಿರುಗಿ ದೂರ ಸರಿದರೆ ‘ನೀವಿನ್ನು ಹೋಗಬಹುದು’. ಕೈಗೆ ಬದಲು ಇಲ್ಲಿ ಇಡೀ ವಿಮಾನವೇ ಸನ್ನೆ ಮಾಡುತ್ತದೆ.

ಬಡಾಯಿಯ ವ್ಯಾಕರಣ

ಕೈ ಬಾನಿನಲ್ಲಿ ಸನ್ನೆ ಮಾಡುತ್ತದೆ. ನೆಲಕ್ಕಿಳಿದ ಮೇಲೆ ಅದೇ ಕೈ ಕಥೆ ಹೇಳುತ್ತದೆ. ಯಾವ ದೇಶದ ಯುದ್ಧವಿಮಾನ ಚಾಲಕನಾದರೂ ತನ್ನ ಕಾದಾಟವನ್ನು ವಿವರಿಸುವಾಗ ಒಂದು ಕೈಯನ್ನು ತನ್ನ ವಿಮಾನವನ್ನಾಗಿ, ಇನ್ನೊಂದನ್ನು ಶತ್ರುವಿನ ವಿಮಾನವನ್ನಾಗಿ ಮಾಡಿಕೊಳ್ಳುತ್ತಾನೆ. ಮರಾಠಿಯಲ್ಲಿ ‘ಹಾತವಾರೆ’ ಎನ್ನುವುದು ಇದನ್ನೇ. ಮಣಿಕಟ್ಟು ಹೊರಳಿದಂತೆ ವಿಮಾನ ಹೊರಳುತ್ತದೆ. ಒಂದು ಕೈ ಮತ್ತೊಂದರ ಹಿಂದೆ ಬಿದ್ದರೆ ಶತ್ರುವಿನ ಕಥೆ ಮುಗಿಯಿತೆಂದು ತಿಳಿಯಬೇಕು. ಮೂರು ದಿಕ್ಕಿನ ಚಲನೆಯನ್ನು ಮಾತಿನಲ್ಲಿ ಹೇಳುವುದು ಕಷ್ಟವಾದುದರಿಂದ ಈ ಅಭಿನಯ ಹುಟ್ಟಿತು. ಆದರೆ ಅಲ್ಲಿ ಶತ್ರುವಿನ ಕೈಯೂ ಹೇಳುವವನದೇ ಕೈ ಎಂಬುದನ್ನು ಮರೆಯಬಾರದು. ಅದು ಅವನು ಬಯಸಿದಂತೆಯೇ ಹೊರಳುತ್ತದೆ.

ಈ ಕಥೆಗಳಿಗೆ ಜನಪದ ಕಥೆಗಳಂತೆಯೇ ಸಿದ್ಧವಾದ ಆರಂಭವಿದೆ. ನಮ್ಮ ‘ಒಂದಾನೊಂದು ಊರಿನಲ್ಲಿ’ ಇದ್ದಂತೆ ಇಂಗ್ಲಿಷ್ ಬಲ್ಲ ಚಾಲಕರಲ್ಲಿ ‘ಅಲ್ಲಿದ್ದೆ ನಾನು...’ ಎಂಬ ಪಲ್ಲವಿ. ಬಾಬ್ ಸ್ಟೀವನ್ಸ್ ಎಂಬ ವ್ಯಂಗ್ಯಚಿತ್ರಕಾರರು 1964ರಿಂದ ದೀರ್ಘಕಾಲ ಅಮೆರಿಕದ ವಾಯುಪಡೆಯ ಪತ್ರಿಕೆಯಲ್ಲಿ ಈ ಪಲ್ಲವಿಯನ್ನೇ ಶೀರ್ಷಿಕೆಯಾಗಿಟ್ಟು ಚಿತ್ರ ಬರೆದರು. ಸಿದ್ಧ ಪಾತ್ರಗಳೂ ಉಂಟು. ಕಾರಣ ತಿಳಿಯದೆ ಯಂತ್ರ ಕೆಟ್ಟರೆ ಅದು ‘ಗ್ರೆಮ್ಲಿನ್’ ಎಂಬ ಕುಳ್ಳ ಭೂತಗಳ ಕೆಲಸವೆಂದು ಬ್ರಿಟಿಷ್ ವಾಯುಪಡೆಯವರು ನಗುತ್ತಿದ್ದರು. ಆ ಪಡೆಯಲ್ಲಿ ಚಾಲಕರಾಗಿದ್ದ ರೋಆಲ್ಡ್ ಡಾಲ್ 1943ರಲ್ಲಿ ಅದನ್ನು ಮಕ್ಕಳ ಪುಸ್ತಕವನ್ನಾಗಿ ಮಾಡಿದರು.

ಸಿದ್ಧ ಕಥೆಗಳಲ್ಲಿ ಮರದ ಬಾಂಬಿನದು ಬಹು ಪ್ರಸಿದ್ಧ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಶತ್ರುವನ್ನು ಮೋಸಗೊಳಿಸಲು ಮರದ ವಿಮಾನಗಳನ್ನು ನಿಲ್ಲಿಸಿ ಹುಸಿ ವಾಯುನೆಲೆಯೊಂದನ್ನು ಕಟ್ಟಿದರಂತೆ. ಕೆಲಸ ಮುಗಿದ ದಿನ ಬ್ರಿಟಿಷ್ ವಿಮಾನವೊಂದು ಬಂದು, ಅದರ ನಡುವೆ ಒಂದೇ ಒಂದು ಮರದ ಬಾಂಬನ್ನು ಹಾಕಿ ಹೋಯಿತಂತೆ. ಬರ್ಲಿನ್ನಿನಲ್ಲಿದ್ದ ಅಮೆರಿಕನ್ ಪತ್ರಕರ್ತ ವಿಲಿಯಂ ಶೈರರ್ ಯುದ್ಧದ ಆರಂಭದ ವರ್ಷಗಳಲ್ಲಿಯೇ ಇದನ್ನು ಕೇಳಿ ದಿನಚರಿಯಲ್ಲಿ ಬರೆದುಕೊಂಡಿದ್ದರು. ಹೇಳುವವರು ಬದಲಾದಂತೆ ಊರೂ ದೇಶವೂ ಬದಲಾಗುತ್ತವೆ. ಮರದ ಬಾಂಬು ಮಾತ್ರ ಬದಲಾಗುವುದಿಲ್ಲ. ಇದು ಅಲೆಮಾರಿ ಕಥೆಯ ಲಕ್ಷಣವೆಂದು ತರಗತಿಯಲ್ಲಿ ಓದಿದ್ದೀರಿ. ಆ ಬಾಂಬೂ ಒಂದು ಸನ್ನೆಯೇ ಅಲ್ಲವೆ? ‘ನಿಮ್ಮ ಆಟ ನಮಗೆ ಗೊತ್ತು’ ಎಂಬ ಮಾತನ್ನು ಅದು ಮರದಲ್ಲಿ ಕೆತ್ತಿ ಹೇಳುತ್ತದೆ.

ಹಾಗೆಂದು ನಂಬಲಾಗದ್ದೆಲ್ಲ ಸುಳ್ಳಲ್ಲ. 1967ರ ಮಾರ್ಚ್ 10ರಂದು ಉತ್ತರ ವಿಯೆಟ್ನಾಮಿನ ಮೇಲೆ ಎರಡು ಫ್ಯಾಂಟಮ್ ವಿಮಾನಗಳಿಗೆ ಗುಂಡು ತಗುಲಿತು. ಅರ್ಲ್ ಅಮನ್ ಅವರ ವಿಮಾನದ ಇಂಧನ ಸೋರಿ ಮುಗಿಯುತ್ತ ಬಂದಿತ್ತು. ಬಾಬ್ ಪಾರ್ಡೋ ತಮ್ಮ ವಿಮಾನವನ್ನು ಅದರ ಹಿಂದೆ ತಂದು, ಅದರ ಬಾಲದಿಂದ ಇಳಿಬಿಟ್ಟ ಕೊಕ್ಕೆಯನ್ನು ತಮ್ಮ ಮುಂಗಾಜಿಗೆ ಆನಿಸಿಕೊಂಡು ಬಾನಿನಲ್ಲಿಯೇ ನೂಕಿದರು. ಮುನ್ನೂಕಿದ ವಿಮಾನ ಲಾವೋಸ್ ಗಡಿ ದಾಟುವವರೆಗೆ ನಿಂತಿತು. ನಾಲ್ವರೂ ಧುಮುಕಿ ಬದುಕಿದರು. ಮೊದಲು ವಿಮಾನ ಕಳೆದುದಕ್ಕೆ ಬೈಗುಳ, 1989ರಲ್ಲಿ ಪದಕ. ಇದು ಥಾಪದಂತೆ ಕೇಳಿಸುತ್ತದೆ. ಆದರೆ ನಾಲ್ಕು ಜನ ಬದುಕಿ ಬಂದು ಅದನ್ನೇ ಹೇಳಿದರು.

ಎರಡನೆಯ ಕೈ ಎಲ್ಲಿದೆ?

ಈಗ ನಮ್ಮ ಹುಡುಗನ ಕಥೆಗೆ ಮರಳೋಣ. ವಿಮಾನವನ್ನು ತಲೆಕೆಳಗಾಗಿ ಮತ್ತೊಂದರ ಮೇಲೆ ಹಾರಿಸುವುದು ಅಸಾಧ್ಯವಲ್ಲ. ವೈಮಾನಿಕ ಪ್ರದರ್ಶನದ ತಂಡಗಳು ಕನ್ನಡಿಯ ಬಿಂಬದಂತೆ ಹಾಗೆ ಹಾರಿ ತೋರಿಸುತ್ತವೆ. ಆದರೆ ಅಲ್ಲಿ ಇಬ್ಬರೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಕೆಳಗಿನವನು ಇಂಚೂ ಅಲುಗುವುದಿಲ್ಲ. ಶತ್ರುವು ಹೀಗೆ ಸಹಕರಿಸುವನೆ? ತಲೆಕೆಳಗಾದ ವಿಮಾನದ ಬಾಲದ ರೆಕ್ಕೆಗಳು ಕೆಳಗಿನ ವಿಮಾನದತ್ತಲೇ ಚಾಚಿರುತ್ತವೆ. ಕೆಳಗಿನವನು ತುಸು ಮೇಲೆದ್ದರೆ ಇಬ್ಬರೂ ಉಳಿಯುವುದಿಲ್ಲ. ಚಿತ್ರದಲ್ಲಿ ಶತ್ರುವಿನದೆಂದು ತೋರಿಸಿದ ‘ಮಿಗ್-28’ ಎಂಬ ವಿಮಾನವೇ ಲೋಕದಲ್ಲಿಲ್ಲ. ಅಮೆರಿಕದ ಎಫ್-5 ವಿಮಾನಕ್ಕೆ ಆ ವೇಷ ಹಾಕಿದ್ದರು. ನಂಬಲು ಬೇಕಾದುದು ಎರಡನೆಯ ಕೈಯ ಸಾಕ್ಷಿ. ಇಲ್ಲಿ ಎರಡನೆಯ ವಿಮಾನವೇ ಕಲ್ಪಿತ.

ಎರಡನೆಯ ಸಾಕ್ಷಿ ಸಿಗದ ನಿಜ ಘಟನೆಗೆ ಏನಾಗುತ್ತದೆ ಎಂಬುದಕ್ಕೆ ರಾಬರ್ಟ್ ಜಾನ್ಸನ್ ಅವರ ಪ್ರಸಂಗ ನಿದರ್ಶನ. 1943ರ ಜೂನ್ 26ರಂದು ಈ ಅಮೆರಿಕನ್ ಚಾಲಕನ ಥಂಡರ್‌ಬೋಲ್ಟ್ ವಿಮಾನ ಫ್ರಾನ್ಸಿನ ಮೇಲೆ ಜರ್ಜರಿತವಾಯಿತು. ಮುಚ್ಚಳ ಸಿಕ್ಕಿಕೊಂಡು ಹೊರಗೆ ಧುಮುಕಲೂ ಆಗಲಿಲ್ಲ. ಜರ್ಮನ್ ವಿಮಾನವೊಂದು ಹಿಂದೆ ಬಂದು ತನ್ನ ಗುಂಡು ತೀರುವವರೆಗೆ ಹೊಡೆಯಿತು. ವಿಮಾನ ಬೀಳಲಿಲ್ಲ. ಕೊನೆಗೆ ಆ ಜರ್ಮನ್ ಚಾಲಕ ಪಕ್ಕಕ್ಕೆ ಬಂದು ದಿಟ್ಟಿಸಿ ನೋಡಿ, ನಂಬಲಾಗದವನಂತೆ ತಲೆಯಾಡಿಸಿ, ರೆಕ್ಕೆ ತೂಗಿಸಿ ಹೊರಟುಹೋದ. ನೆಲಕ್ಕಿಳಿದ ಜಾನ್ಸನ್ ತಮ್ಮ ವಿಮಾನದ ತೂತುಗಳನ್ನು ಎಣಿಸುತ್ತ ಇನ್ನೂರು ದಾಟಿದ ಮೇಲೆ ಕೈಬಿಟ್ಟರು. ತೂತುಗಳು ಗುಂಡಿಗೆ ಸಾಕ್ಷಿ ಹೇಳಿದವು. ಆ ಸನ್ನೆಗೆ ಸಾಕ್ಷಿ ಜಾನ್ಸನ್ ಒಬ್ಬರೇ. ಆ ಜರ್ಮನ್ ಯಾರು? ಜನರ ಬಾಯಲ್ಲಿ ಪ್ರಸಿದ್ಧ ವೀರ ಏಗೊನ್ ಮಾಯರ್ ಅವರ ಹೆಸರು ಅಂಟಿಕೊಂಡಿದೆ. ಮಾಯರ್ 1944ರ ಮಾರ್ಚಿನಲ್ಲಿಯೇ ಹತರಾದರು. ಕೇಳಲು ಯಾರೂ ಉಳಿಯಲಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ದೊಡ್ಡ ಹೆಸರೊಂದು ಬಂದು ಕೂರುವುದು ಐತಿಹ್ಯಗಳ ಹಳೆಯ ರೂಢಿ.

ಅದೇ ವರ್ಷದ ಡಿಸೆಂಬರ್ 20ರ ಘಟನೆಯ ಗತಿ ಬೇರೆ. ಇಪ್ಪತ್ತೊಂದು ವರ್ಷದ ಚಾರ್ಲಿ ಬ್ರೌನ್ ನಡೆಸುತ್ತಿದ್ದ ಅಮೆರಿಕನ್ ಬಿ-17 ಬಾಂಬರ್ ಜರ್ಮನಿಯ ಬ್ರೆಮೆನ್ ನಗರದ ಮೇಲಿನ ದಾಳಿಯಲ್ಲಿ ಛಿದ್ರವಾಯಿತು. ಮೂಗಿನ ಗಾಜು ಒಡೆದಿತ್ತು, ಒಂದು ಇಂಜಿನ್ ನಿಂತಿತ್ತು, ಬಾಲದ ಬಂದೂಕುಗಾರ ಸತ್ತಿದ್ದ, ಉಳಿದವರಲ್ಲಿ ಬಹುಪಾಲು ಜನರಿಗೆ ಗಾಯ. ತಂಡದಿಂದ ಬೇರ್ಪಟ್ಟು ಕೆಳಮಟ್ಟದಲ್ಲಿ ತೆವಳುತ್ತಿದ್ದ ಆ ವಿಮಾನವನ್ನು ಫ್ರಾಂಜ್ ಸ್ಟಿಗ್ಲರ್ ಎಂಬ ಜರ್ಮನ್ ಚಾಲಕರು ಬೆನ್ನಟ್ಟಿದರು. ಹತ್ತಿರ ಬಂದಾಗ ತೂತುಗಳ ಮೂಲಕ ಒಳಗಿನವರು ಗಾಯಾಳುಗಳ ಆರೈಕೆ ಮಾಡುವುದು ಕಂಡಿತು. ಪ್ಯಾರಾಚೂಟಿನಲ್ಲಿ ಇಳಿಯುವವನ ಮೇಲೆ ಗುಂಡು ಹಾರಿಸಿದರೆ ನಿನ್ನನ್ನು ನಾನೇ ಹೊಡೆಯುವೆನೆಂದು ಅವರ ಹಳೆಯ ಮೇಲಧಿಕಾರಿ ಒಮ್ಮೆ ಎಚ್ಚರಿಸಿದ್ದರು. ಈ ವಿಮಾನವೂ ಪ್ಯಾರಾಚೂಟಿನಲ್ಲಿರುವ ಮನುಷ್ಯನಂತೆಯೇ ಎಂದು ಸ್ಟಿಗ್ಲರ್ ಅವರಿಗೆ ಅನಿಸಿತು. ಗುಂಡು ಹಾರಿಸಲಿಲ್ಲ.

ಬದಲಿಗೆ ಪಕ್ಕದಲ್ಲಿ ಹಾರುತ್ತ ಕೈಸನ್ನೆ ಮಾಡತೊಡಗಿದರು. ಮೊದಲು ‘ಇಲ್ಲೇ ಇಳಿದು ಶರಣಾಗು’ ಎಂದು. ಬಳಿಕ ‘ತಟಸ್ಥ ದೇಶವಾದ ಸ್ವೀಡನ್ನಿಗೆ ಹೋಗು’ ಎಂದು. ಬ್ರೌನ್ ಅವರಿಗೆ ಒಂದೂ ಅರ್ಥವಾಗಲಿಲ್ಲ. ಆಗಲು ಹೇಗೆ ಸಾಧ್ಯ? ಇಂಧನಕ್ಕೆ ಹೆಬ್ಬೆರಳಿದೆ, ಅಂಕೆಗೆ ಬೆರಳುಗಳಿವೆ. ‘ಸ್ವೀಡನ್’ ಎಂಬುದಕ್ಕೆ ಯಾವ ಬೆರಳು? ‘ನಾನು ನಿನ್ನನ್ನು ಕೊಲ್ಲುವುದಿಲ್ಲ’ ಎಂಬುದಕ್ಕೆ ಯಾವ ಮುದ್ರೆ? ಅವರಿಬ್ಬರ ನಡುವೆ ಮೊದಲೇ ಆದ ಒಪ್ಪಂದವಿರಲಿಲ್ಲ. ಬ್ರೌನ್ ತಮ್ಮ ಬಂದೂಕುಗಾರನಿಗೆ ಗುರಿ ಹಿಡಿಯಲು ಹೇಳಿದರು. ಸ್ಟಿಗ್ಲರ್ ಸಮುದ್ರದವರೆಗೆ ಜೊತೆ ಬಂದು, ಕೊನೆಗೆ ಸೆಲ್ಯೂಟ್ ಹೊಡೆದು ಹಿಂದಿರುಗಿದರು. ಆ ಒಂದು ಸನ್ನೆ ಮಾತ್ರ ಬ್ರೌನ್ ಅವರಿಗೆ ತಿಳಿಯಿತು, ಏಕೆಂದರೆ ಅದು ಎರಡು ಸೇನೆಗಳಲ್ಲಿಯೂ ಒಂದೇ.

ಇಂಗ್ಲೆಂಡಿಗೆ ಮರಳಿದ ಬ್ರೌನ್ ನಡೆದುದನ್ನು ವರದಿ ಮಾಡಿದಾಗ, ಈ ಮಾತು ಹೊರಗೆ ಬರಕೂಡದೆಂದು ಮೇಲಿನವರು ತಡೆದರು. ಸ್ಟಿಗ್ಲರ್ ಬಾಯಿಬಿಟ್ಟಿದ್ದರೆ ಅವರ ತಲೆಯೇ ಹೋಗುತ್ತಿತ್ತು. ನಾಲ್ಕು ದಶಕ ಕಳೆದ ಮೇಲೆ ಬ್ರೌನ್ ಹುಡುಕಲು ತೊಡಗಿದರು. ಹಳೆಯ ಯುದ್ಧವಿಮಾನ ಚಾಲಕರ ವಾರ್ತಾಪತ್ರಿಕೆಯೊಂದರಲ್ಲಿ, ನಮ್ಮ ಈ ಪತ್ರಿಕೆಯಂಥದೇ ಒಂದು ಸಣ್ಣ ಪತ್ರಿಕೆಯಲ್ಲಿ, ವಿಚಾರಣೆ ಪ್ರಕಟಿಸಿದರು. 1990ರ ಜನವರಿಯಲ್ಲಿ ಕೆನಡಾದಿಂದ ಪತ್ರ ಬಂದಿತು: ಆ ಚಾಲಕ ನಾನೇ ಎಂದು ಸ್ಟಿಗ್ಲರ್ ಬರೆದಿದ್ದರು. ವಿಮಾನದ ಸ್ಥಿತಿ, ಜೊತೆ ಹಾರಿದ ಬಗೆ, ಕೊನೆಯ ಸೆಲ್ಯೂಟು ಎಲ್ಲವನ್ನೂ ಅವರು ಹೇಳಿದರು. ಎರಡು ಕಡೆಯ ನೆನಪು ಕೂಡಿಕೊಂಡಿತು. ಸ್ವೀಡನ್ನಿನ ಸನ್ನೆಯ ಅರ್ಥ ಬ್ರೌನ್ ಅವರಿಗೆ ತಿಳಿದುದು ಆಗಲೇ. ಇಬ್ಬರೂ ಸ್ನೇಹಿತರಾಗಿ ಬಾಳಿ 2008ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ತೀರಿಕೊಂಡರು.

ಕಾಣದ ಸನ್ನೆಯ ಬೆಲೆ

ಇದನ್ನು ಹೃದಯಂಗಮ ಕಥೆಯೆಂದು ಓದಿ ಮುಗಿಸುವಂತಿಲ್ಲ. ಅರ್ಥವಾಗದ ಸನ್ನೆ ಎಲ್ಲ ಸಲವೂ ಸೆಲ್ಯೂಟಿನಲ್ಲಿ ಮುಗಿಯುವುದಿಲ್ಲ. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸಿನ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ, ರಾತ್ರಿಯ ವೇಳೆ ಸೋವಿಯತ್ ಒಕ್ಕೂಟದ ಸಖಾಲಿನ್ ದ್ವೀಪದ ಮೇಲೆ ಬಂದಿತು. ಅದನ್ನು ಬೆನ್ನಟ್ಟಿದ ಸೋವಿಯತ್ ಯುದ್ಧವಿಮಾನವು ಎಚ್ಚರಿಕೆಯ ಗುಂಡುಗಳನ್ನು ಹಾರಿಸಿತು. ಆದರೆ ಅವು ಕತ್ತಲಲ್ಲಿ ಹೊಳೆಯುವ ಜಾತಿಯ ಗುಂಡುಗಳಾಗಿರಲಿಲ್ಲ. ಪ್ರಯಾಣಿಕ ವಿಮಾನದವರಿಗೆ ತಮ್ಮ ಬೆನ್ನಿಗೆ ಯಾರಾದರೂ ಇದ್ದಾರೆಂಬುದೇ ತಿಳಿಯಲಿಲ್ಲ. ಅದೇ ಹೊತ್ತಿಗೆ ಅವರು ಟೋಕಿಯೋದ ಅನುಮತಿ ಪಡೆದು, ವಾಡಿಕೆಯಂತೆ ಎತ್ತರಕ್ಕೇರತೊಡಗಿದರು. ಏರುವಾಗ ವೇಗ ತಗ್ಗಿತು. ಹಿಂದಿನವನು ಅದನ್ನು ತಪ್ಪಿಸಿಕೊಳ್ಳುವ ಉಪಾಯವೆಂದು ಓದಿದ. ಕ್ಷಿಪಣಿ ಹಾರಿತು, ವಿಮಾನದಲ್ಲಿದ್ದ 269 ಜನರೂ ಸತ್ತರು. ಒಬ್ಬನು ಮಾಡಿದ ಸನ್ನೆ ಕಾಣಲಿಲ್ಲ. ಮತ್ತೊಬ್ಬನು ಮಾಡದ ಸನ್ನೆಯನ್ನು ಓದಲಾಯಿತು. ಮರುವರ್ಷ, 1984ರಲ್ಲಿ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಅಸ್ತ್ರ ಪ್ರಯೋಗಿಸಬಾರದೆಂಬ ವಿಧಿಯನ್ನು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿಸಲು ರಾಷ್ಟ್ರಗಳು ಸಮ್ಮತಿಸಿದವು. ರೆಕ್ಕೆ ತೂಗಿಸುವ ನಿಯಮ ಪುಸ್ತಕದಲ್ಲಿ ಒಣಗಿದಂತೆ ಕಂಡರೂ ಅದರ ಹಿಂದೆ ಇಂಥ ರಾತ್ರಿಗಳಿವೆ.

ಶತ್ರು ಹೇಳಿದ ಸಾಕ್ಷ್ಯ

ಕೊನೆಯದಾಗಿ ಕನ್ನಡ ನಾಡಿನ ಒಂದು ಪ್ರಸಂಗ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಭಾರತೀಯ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಒಂದು ಅವರದು. ಅವರು ಹಿಂದಿರುಗಲಿಲ್ಲ. ಏನಾಯಿತೆಂದು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ಕಾಣೆಯಾದವರ ಪಟ್ಟಿಗೆ ಅವರ ಹೆಸರು ಸೇರಿತು.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಮಾಹಿತಿಯನ್ನು ಆಧರಿಸಿ ಆ ಯುದ್ಧದ ಪುಸ್ತಕ ಬರೆದರು. ಆ ದಿನ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದನ್ನು ಭಾರತದ ಮಿಸ್ಟೇರ್ ಒಂದು ಕಾದಾಡಿ ಕೆಡವಿದುದು ಅದರಿಂದ ಹೊರಬಂದಿತು. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದ ವಿಮಾನ. ಮಿಸ್ಟೇರ್ ಅದರ ಮುಂದೆ ನಿಧಾನದ್ದು. ಅದನ್ನು ನಡೆಸುತ್ತಿದ್ದ ಅಮ್ಜದ್ ಹುಸೇನ್ ಧುಮುಕಿ ಬದುಕಿದ್ದರು. ಹಿಂದಿರುಗದ ವಿಮಾನಗಳ ಲೆಕ್ಕ ಹಾಕಿದಾಗ ಆ ಮಿಸ್ಟೇರ್ ದೇವಯ್ಯನವರದೇ ಎಂದು ನಿಶ್ಚಯವಾಯಿತು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಘಟನೆ ನಡೆದು ಇಪ್ಪತ್ತಮೂರು ವರ್ಷಗಳಾಗಿದ್ದವು.

ಈ ಪ್ರಸಂಗವನ್ನು ನಾನು ಹಲವು ಬಾರಿ ಚಿಂತಿಸಿದ್ದೇನೆ. ದೇವಯ್ಯನವರು ಮರಳಿ ಬಂದು ಮೆಸ್ಸಿನಲ್ಲಿ ಕುಳಿತು, ಎರಡು ಕೈಗಳನ್ನು ವಿಮಾನ ಮಾಡಿಕೊಂಡು ಇದನ್ನೇ ಹೇಳಿದ್ದರೆ ಕೇಳಿದವರು ನಕ್ಕಿರಬಹುದು. ಮಿಸ್ಟೇರಿನಿಂದ ಸ್ಟಾರ್‌ಫೈಟರನ್ನು ಕೆಡವಿದೆ ಎಂಬುದಕ್ಕಿಂತ ಕಮ್ಮನೆಯ ಲೋಣಕಢೀ ಥಾಪ ಯಾವುದಿದ್ದೀತು? ಅವರು ಹೇಳಲಿಲ್ಲ, ಹೇಳಲು ಉಳಿಯಲಿಲ್ಲ. ಸಾಕ್ಷಿ ಬಂದುದು ಎದುರು ಪಾಳಯದಿಂದ. ತಮ್ಮ ಸೋಲನ್ನು ಒಪ್ಪಿಕೊಂಡವರ ಮಾತಿನಿಂದ. ತನಗೆ ಲಾಭವಿಲ್ಲದ ಸಾಕ್ಷ್ಯವೇ ಹೆಚ್ಚು ತೂಕದ್ದು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಗಾದೆ. ಮುಂದಿನ ರಜೆಯಲ್ಲಿ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ತಮ್ಮ ಹಳ್ಳಿಗಳ ನಿವೃತ್ತ ಸೈನಿಕರನ್ನು ಕಂಡು ಅವರ ನೆನಪುಗಳನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಅಜ್ಜ ಕನ್ನಡದಲ್ಲಿ ತೊಡಗಿ ಮರಾಠಿಗೆ ಹೊರಳಿದರೆ ಹಾಗೆಯೇ ಬರೆಯಿರಿ, ತಿದ್ದಬೇಡಿ. ಮಾತನ್ನಷ್ಟೇ ಬರೆದರೆ ಸಾಲದು, ಕೈ ಎಲ್ಲಿ ಎದ್ದಿತು, ಯಾವ ಕಡೆ ಹೊರಳಿತು ಎಂಬುದನ್ನೂ ಪಕ್ಕದಲ್ಲಿ ಗುರುತಿಸಿರಿ. ಧ್ವನಿಮುದ್ರಣದಲ್ಲಿ ಅದು ದೊರೆಯುವುದಿಲ್ಲ. ಕಥೆ ದೊಡ್ಡದಾಗಿ ಕಂಡರೆ ನಗಬೇಡಿ, ಕೂಡಲೇ ನಂಬಲೂಬೇಡಿ. ಅಂದು ಜೊತೆಗಿದ್ದವರು ಯಾರು, ಎದುರಿಗಿದ್ದವರು ಯಾರು ಎಂದು ವಿನಯದಿಂದ ಕೇಳಿ ಅದನ್ನೂ ಬರೆದುಕೊಳ್ಳಿ. ಅಂದು ತರಗತಿಯಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಈಗಾಗಲೇ ತನ್ನ ಊರಿನ ಇಬ್ಬರು ಹಿರಿಯರ ಹೆಸರು ಕೊಟ್ಟಿದ್ದಾಳೆ. ಕಥೆ ಹೇಳಿದ ಹುಡುಗನೂ ಅವಳ ಜೊತೆ ಹೊರಟಿದ್ದಾನೆ.